ಮೂರು ಪಾಯಿಂಟ್ ಆರು ಅಂದರೆ ಮೂರಡಿ ಆರಿಂಚಲ್ಲ

ಶಿರಸಿ, ಕುಮಟಾ, ಕಾರವಾರದ ಕಡೆಯಿಂದ ಅಮೆರಿಕಕ್ಕೆ ಈಗಷ್ಟೇ ಬಂದವರಿಗೆ ಇದನ್ನು ಬರೆಯುತ್ತಿದ್ದೇನೆ. ಬ್ಯಾಂಕ್ ಖಾತೆ, ಸೋಶಿಯಲ್ ಸೆಕ್ಯುರಿಟಿ ನಂಬರ್ (ಕೆಲಸಕ್ಕೆ, ತೆರಿಗೆಗೆ ಇಲ್ಲಿಯ ಸರ್ಕಾರ ಕೊಡುವ ಸಂಖ್ಯೆ), ಡ್ರೈವಿಂಗ್ ಲೈಸೆನ್ಸ್ ಬೇಗ ಮಾಡಿಸಿಕೊಳ್ಳಿ. ಲೈಸೆನ್ಸ್ ಫಾರ್ಮಿನಲ್ಲಿ ಎತ್ತರವನ್ನು ಅಡಿ, ಇಂಚಿನಲ್ಲಿ ಕೇಳುತ್ತಾರೆ. 170 ಸೆಂಟಿಮೀಟರ್ ಇದ್ದವರು 5 ಅಡಿ 7 ಇಂಚು ಅಂತ ಬರೆದರೆ ಆಯಿತು.

ನಾನು ಪೆಟ್ಟು ತಿಂದದ್ದು ಬೇರೆ ಕಡೆ. ಅಡಿ, ಇಂಚು ನಮಗೆ ಹೊಸದಲ್ಲ, ಅಲ್ವಾ? ಅಡಿಕೆ ಸಸಿ ನೆಡುವುದು ಒಂಬತ್ತು ಅಡಿಗೆ ಒಂದು. ಮನೆಯ ಪಾಯವೂ ಅಡಿಯಲ್ಲೇ. ಊರಿನ ಆಚಾರಿ ಕಿಟಕಿ ಅಳೆದು ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ 3.6 ಅಂತ ಬರೆದರೆ ಅದು ಮೂರಡಿ ಆರಿಂಚು. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ.

ಅದೇ ರೂಢಿಯಲ್ಲಿ ದೇವರ ಗೂಡಿನ ಬಾಗಿಲಿಗೆ ಗಾಜು ಬೇಕೆಂದು ಇಲ್ಲಿಯ ಅಂಗಡಿಗೆ 3.6 ಅಡಿ ಅಂತ ಬರೆದುಕೊಟ್ಟೆ. ನನಗೆ ಬೇಕಿದ್ದದ್ದು 42 ಇಂಚು. ಅವರು ಕತ್ತರಿಸಿದ್ದು 43.2 ಇಂಚು. ಅವರ ತಪ್ಪೇನೂ ಇಲ್ಲ, 3.6 ಅಡಿ ಅಂದರೆ ಅಷ್ಟೇ. ಕಾಯಿಸಿ ಗಟ್ಟಿ ಮಾಡಿದ ಗಾಜನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ, ಪುಡಿಪುಡಿಯಾಗುತ್ತದೆ. ಆ ವರ್ಷದ ಚೌತಿಗೆ ದೇವರ ಗೂಡಿಗೆ ಬಾಗಿಲೇ ಇರಲಿಲ್ಲ. ಇವತ್ತಿಗೂ ನನಗೆ ಅದು ಬೇಜಾರು.

ಮೂರಡಿ ಹತ್ತಿಂಚನ್ನು 3.10 ಅಂತ ಬರೆದರೆ ಇನ್ನೂ ಕಷ್ಟ. ಲೆಕ್ಕದಲ್ಲಿ ಅದು 3.1, ಅಂದರೆ ಮೂರಡಿ ಒಂದಿಂಚು ಚಿಲ್ಲರೆ. ಅದಕ್ಕೇ ಹೇಳುತ್ತೇನೆ, ಅಡಿಯನ್ನು ಬಿಟ್ಟುಬಿಡಿ, ಎಲ್ಲವನ್ನೂ ಇಂಚಿನಲ್ಲೇ ಬರೆಯಿರಿ. ಒಂದಿಂಚಿಗೆ ಸರಿಯಾಗಿ 2.54 ಸೆಂಟಿಮೀಟರ್, 1959ರ ಒಪ್ಪಂದದಿಂದ ಇದು ನಿಗದಿಯಾಗಿದೆ. ಇಲ್ಲಿಯ ಟೇಪಿನಲ್ಲಿ ಇಂಚನ್ನು ಹತ್ತು ಭಾಗ ಮಾಡಿರುವುದಿಲ್ಲ, ಹದಿನಾರು ಮಾಡಿರುತ್ತಾರೆ. ಮರದಂಗಡಿಯಲ್ಲಿ ಎರಡಿಂಚಿಗೆ ನಾಲ್ಕಿಂಚಿನ (2x4) ತುಂಡು ಅಂತ ಕೊಡುವುದು ನಿಜಕ್ಕೂ ಒಂದೂವರೆ ಇಂಚಿಗೆ ಮೂರೂವರೆ ಇಂಚು. ಕೊಳ್ಳುವ ಮೊದಲು ನೀವೇ ಅಳೆದು ನೋಡಿ.

ಮೈಲಿಯದ್ದು ಸುಲಭ. 50 ಮೈಲಿ ಅಂದರೆ 80 ಕಿಲೋಮೀಟರ್, ಇದೊಂದು ನೆನಪಿದ್ದರೆ ಸಾಕು. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್, ಅಂದರೆ 37 ಮೈಲಿ. ಇಲ್ಲಿಯ ಹೈವೇಯಲ್ಲಿ ಅಷ್ಟು ದೂರ ಹೋದದ್ದೇ ಗೊತ್ತಾಗುವುದಿಲ್ಲ. ಊರಿನ ಆ ದಾರಿಯಲ್ಲಿ ದೇವಿಮನೆ ಘಟ್ಟ ಇಳಿಯುವಾಗ ಒಂದೊಂದು ತಿರುವೂ ಲೆಕ್ಕಕ್ಕಿತ್ತು. ಮಕ್ಕಳಿಗೆ ಆ ದೂರವನ್ನು ಮೈಲಿಯಲ್ಲಿ ಹೇಗೆ ಹೇಳಲಿ?

ಹೋದ ವಾರ ಅಮ್ಮ ವೀಡಿಯೊ ಕಾಲಿನಲ್ಲಿ ಪೇಟೆಯಿಂದ ಎರಡು ಮೊಳ ಮಲ್ಲಿಗೆ ತಂದೆ ಅಂದಳು. ಎಂಟು ವರ್ಷದ ಮಗಳು ಕೇಳಿದಳು, ಮೊಳ ಅಂದರೆ ಎಷ್ಟು ಇಂಚು? ಹದಿನೆಂಟು ಅಂದೆ ನಾನು. ಅಮ್ಮ ಒಪ್ಪಲಿಲ್ಲ. "ಯಾರ ಕೈಯಲ್ಲಿ?" ಅಂತ ಕೇಳಿ, ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಕೈ ಚಾಚಿ ತೋರಿಸಿದಳು. ನನ್ನ ಲೆಕ್ಕದಲ್ಲಿ ಮೊಳ ಬರೀ ಒಂದು ಸಂಖ್ಯೆಯಾಗಿ ಎಷ್ಟು ವರ್ಷವಾಯಿತೋ. ಮಗಳು ಟೇಪು ತಂದು ತನ್ನ ಕೈ ಅಳೆದಳು. ಹದಿಮೂರು ಇಂಚು. ಈ ಸಲ ಊರಿಗೆ ಹೋದಾಗ ಮಲ್ಲಿಗೆಯನ್ನು ತನ್ನ ಮೊಳದಲ್ಲೇ ಅಳೆಸಬೇಕಂತೆ.