4294967297ನ್ನು ನಾನು ಒಡೆದದ್ದು ಹೀಗೆ

ನಮ್ಮ ಲೆಕ್ಕದಲ್ಲಿ ಹೇಳಿದರೆ 429 ಕೋಟಿ 49 ಲಕ್ಷ 67 ಸಾವಿರದ 297. 2ರ 32ನೇ ಘಾತಕ್ಕೆ ಒಂದು ಕೂಡಿದರೆ ಬರುವ ಸಂಖ್ಯೆ. ಇದು ಅವಿಭಾಜ್ಯ ಅಂತ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಇದನ್ನು ಒಡೆದು, ಅಂದರೆ ಎರಡು ಚಿಕ್ಕ ಸಂಖ್ಯೆಗಳ ಗುಣಲಬ್ಧವಾಗಿ ಬರೆದು ತೋರಿಸಿದರು. ಒಡೆಯುತ್ತದೆ ಅಂತ ನನಗೆ ಗೊತ್ತಿತ್ತು, ಯಾವುದರಿಂದ ಅನ್ನುವುದನ್ನು ಮಾತ್ರ ಬೇಕಂತಲೇ ನೋಡಿರಲಿಲ್ಲ.

ಮೊದಲ ಸಂಜೆ ಸುಮ್ನೆ ಹಾಳಾಯಿತು. 3, 5, 7, 11 ಅಂತ ಸಾಲಾಗಿ ಭಾಗಿಸುತ್ತಾ ಕೂತೆ. ಒಂದೇ ಲಾಭ: 3, 5, 17 ಮೂರಕ್ಕೂ ಶೇಷ 2 ಬಂತು. ಇದೇನು ಕಾಕತಾಳೀಯವೇ? ಅಲ್ಲ. ನಮ್ಮ ಸಂಖ್ಯೆಯಿಂದ 2 ಕಳೆದರೆ ಉಳಿಯುವುದು 3 × 5 × 17 × 257 × 65537. ಹಾಗಾಗಿ ಈ ಐದರಲ್ಲಿ ಯಾವುದರಿಂದ ಭಾಗಿಸಿದರೂ 2 ಉಳಿಯಲೇಬೇಕು. ನನಗೆ ಇಡೀ ಲೆಕ್ಕದಲ್ಲಿ ಜಾಸ್ತಿ ಖುಷಿ ಕೊಟ್ಟದ್ದು ಇದೇ.

ಮರುದಿನ ಆಯ್ಲರ್ ದಾರಿ ಹಿಡಿದೆ. ಇದನ್ನು ಭಾಗಿಸುವ ಯಾವುದೇ ಅವಿಭಾಜ್ಯವನ್ನು 64ರಿಂದ ಭಾಗಿಸಿದರೆ 1 ಉಳಿಯಬೇಕು. ಅಲ್ಲಿಗೆ ಪಟ್ಟಿ ಚಿಕ್ಕದಾಯಿತು: 193, 257, 449, 577, 641, 769... 257ಕ್ಕೆ ಶೇಷ 2 ಅಂತ ಆಗಲೇ ಗೊತ್ತಿತ್ತು, ಅದನ್ನು ಬಿಟ್ಟೆ.

ಹತ್ತಂಕಿಯ ಸಂಖ್ಯೆಯನ್ನು ಮುಟ್ಟುವ ಅಗತ್ಯವೂ ಇಲ್ಲ. 2ರ 16ನೇ ಘಾತ 65536, ಅದರ ವರ್ಗಕ್ಕೆ ಒಂದು ಕೂಡಿದರೆ ನಮ್ಮ ಸಂಖ್ಯೆ; ಹಾಗಾಗಿ ಶೇಷಗಳಲ್ಲೇ ಲೆಕ್ಕ ಮಾಡಿದರೆ ಸಾಕು. ಅದನ್ನು 193ರಿಂದ ಭಾಗಿಸಿದರೆ ಶೇಷ 109. ಅದರ ವರ್ಗ 11881, ಮತ್ತೆ ಭಾಗಿಸಿದರೆ 108 ಉಳಿಯುತ್ತದೆ. ಒಂದು ಕೂಡಿದರೆ 109. ಸೊನ್ನೆ ಬರಲಿಲ್ಲ, ಮುಂದಕ್ಕೆ. 449ಕ್ಕೆ 325, 577ಕ್ಕೆ 288.

641ರಲ್ಲಿ ಎಡವಿದೆ. 65536ರ ಶೇಷ 154 ಸರಿಯಾಗಿಯೇ ಬಂತು. ಅದರ ವರ್ಗವನ್ನು 23616 ಅಂತ ಬರೆದುಕೊಂಡು, ಕೊನೆಗೆ 541 ಬಂತಲ್ಲ ಅಂತ 641ನ್ನು ಹೊಡೆದುಹಾಕಿ 769ಕ್ಕೆ ಹೋಗಿಬಿಟ್ಟೆ! ಅಲ್ಲೂ ಏನೂ ಸಿಗದಾಗ ಹಿಂದಿನದನ್ನೆಲ್ಲ ಅಂಕಿ ಕೂಡಿ ಪರೀಕ್ಷಿಸಿದೆ. 154ರ ಅಂಕಿಗಳ ಮೊತ್ತ 10, ಅಂದರೆ 1. ವರ್ಗದ ಮೊತ್ತವೂ 1ಕ್ಕೇ ಇಳಿಯಬೇಕು. 23616ರ ಮೊತ್ತ 18, ಇಳಿದದ್ದು 9ಕ್ಕೆ. ತಪ್ಪು ಸಿಕ್ಕಿತು. ಸರಿಯಾದ ವರ್ಗ 23716, ಶೇಷ 640. ಒಂದು ಕೂಡಿದರೆ 641. ಪೂರ್ತಿ ಹೋಯಿತು!

ಭಾಗಲಬ್ಧ 6700417. ಇದು ಇನ್ನೂ ಒಡೆಯುತ್ತದಾ? ಇದರ ವರ್ಗಮೂಲ 2589ಕ್ಕಿಂತ ಕಡಿಮೆ, ಒಡೆಯುವುದಾದರೆ ಅದಕ್ಕಿಂತ ಚಿಕ್ಕ ಅವಿಭಾಜ್ಯವೊಂದು ಇದನ್ನು ಭಾಗಿಸಲೇಬೇಕು. 64ರ ಬದಲು 128 ಇಟ್ಟರೂ ಶೇಷ 1ರ ಆ ನಿಯಮ ನಡೆಯುತ್ತದೆ ಅಂತ ಮುಂದೆ ಗಣಿತಜ್ಞ ಲೂಕಾ ತೋರಿಸಿದ್ದರು. ಆ ಲೆಕ್ಕದಲ್ಲಿ 257 ಬಿಟ್ಟರೆ ನೋಡಬೇಕಾದವು ನಾಲ್ಕೇ. 641ರಿಂದ ಭಾಗಿಸಿದಾಗ 44 ಉಳಿಯಿತು, 769ರಿಂದ 120, 1153ರಿಂದ 334, 1409ರಿಂದ 622. 6700417 ಅವಿಭಾಜ್ಯ.