ಖಾಲಿ ಹಾಳೆಗೆ ಹೆದರುತ್ತಿದ್ದ ಹುಡುಗ

ಮೂರನೇ ತರಗತಿಯ ಹುಡುಗ. ಬೋರ್ಡ್ ನೋಡಿ ಬರಿ ಅಂದರೆ ಮುತ್ತಿನಂಥ ಅಕ್ಷರ. ‘ನೀನೇ ನಾಲ್ಕು ಸಾಲು ಬರಿ’ ಅಂದರೆ ಪೆನ್ಸಿಲ್ ಚೂಪು ಮಾಡುತ್ತಾ ಕೂರುತ್ತಿದ್ದ. ಪೀರಿಯಡ್ ಮುಗಿಯುವಾಗ ಪೆನ್ಸಿಲ್ ಅರ್ಧ, ಹಾಳೆ ಖಾಲಿ.

ನಾನು ಇನ್ನೂ ಜಾಸ್ತಿ ಕಾಪಿ ಬರೆಸಿದೆ. ಸುಮ್ನೆ ಕೈನೋವು ಅಷ್ಟೇ. ಅವನ ತೊಂದರೆ ಅಕ್ಷರದ್ದಲ್ಲ, ಮಾತನ್ನು ಸಾಲಿಗೆ ಇಳಿಸುವುದರದ್ದು. ಇದು ಹೊಳೆಯಲು ನನಗೆ ಎರಡು ತಿಂಗಳು ಬೇಕಾಯಿತು!

ಆಮೇಲೆ ಒಂದು ಚಿತ್ರಪುಸ್ತಕ ಹಿಡಿದೆ. ಒಂದೇ ಧಾಟಿಯ ಸಾಲು ಪುಟಪುಟಕ್ಕೂ ಮರಳಿ ಬರುವಂಥದ್ದು. ಮೂರು ಸಲ ಒಟ್ಟಿಗೆ ಓದಿದೆವು. ನಾಲ್ಕನೇ ಸಲ ಸಾಲುಗಳನ್ನು ಕಾಗದದ ಚೀಟಿಯಿಂದ ಮುಚ್ಚಿ, ಚಿತ್ರ ಮಾತ್ರ ಬಿಟ್ಟೆ. (ಗೋಂದು ಹಚ್ಚಬೇಡಿ. ಒಂದು ಪುಟ ಹರಿದುಕೊಂಡು ಕಲಿತ ಪಾಠ.)

‘ಇಲ್ಲಿ ಏನಾಗ್ತಿದೆ?’

‘ಬೆಕ್ಕು ಸಿಟ್ಟು ಬಂದು ಮಂಚದ ಕೆಳಗೆ ಹೋಯ್ತು.’

ಬೆರಳು ಮಡಚಿ ಪದ ಎಣಿಸಿದೆವು. ಆರು. ಹಾಳೆಯಲ್ಲಿ ಆರು ಗೆರೆ ಎಳೆದುಕೊಟ್ಟೆ, ಪದಕ್ಕೊಂದು. ತಾನೇ ಹೇಳಿದ ಮಾತಲ್ವಾ, ಬಾಯಲ್ಲಿ ಗುನುಗುತ್ತಾ ತುಂಬಿಸಿದ. ‘ಬೆಕ್ಕು’ ಹೋಗಿ ‘ಬೆಕು’ ಆಗಿತ್ತು. ನಾನು ಕೆಂಪು ಪೆನ್ನು ಮುಟ್ಟಲಿಲ್ಲ. ಚೀಟಿ ತೆಗೆದು ಪುಸ್ತಕದ ಸಾಲು ನೋಡಿದವನೇ ಒತ್ತು ಸೇರಿಸಿದ.

ಎರಡನೇ ವಾರ ಬೆಕ್ಕಿನ ಜಾಗದಲ್ಲಿ ಆನೆ ಇಟ್ಟೆವು. ಆನೆ ಮಂಚದ ಕೆಳಗೆ ಹಿಡಿಯಲ್ಲ ಅಂತ ಅವನೇ ವಾಕ್ಯ ಬದಲಿಸಿದ. ಮೂರನೇ ವಾರ ಗೆರೆ ಕೊಡುವುದು ನಿಲ್ಲಿಸಿದೆ. ಆಮೇಲೆ ಹಾಳೆ ಮಡಚಿ ಹೊಲಿದು, ಎಂಟು ಪುಟದ ಸ್ವಂತ ಪುಸ್ತಕ.

ಈಗ ಪ್ರತಿ ವಾಕ್ಯವೂ ‘ಆಮೇಲೆ’ ಅಂತಲೇ ಶುರುವಾಗುತ್ತದೆ. ಅದಕ್ಕೆ ಬೇರೆ ಪುಸ್ತಕ ಹುಡುಕುತ್ತಿದ್ದೇನೆ.