ಉತ್ಪನ್ನ ವಿನ್ಯಾಸಕರು ಕೋಡ್ ಕಲಿಯಬೇಕೆ? ಎಷ್ಟು, ಮತ್ತು ಹೇಗೆ

ಆ್ಯಪ್ ಮತ್ತು ವೆಬ್ ಪುಟಗಳ ಪರದೆಗಳನ್ನು ರೂಪಿಸುವ ಉತ್ಪನ್ನ ವಿನ್ಯಾಸಕರು ಪ್ರೋಗ್ರಾಮರ್‌ಗಳಾಗಬೇಕಿಲ್ಲ. ಆದರೆ ಫಿಗ್ಮಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ರೂಪಿಸಿದ ಪರದೆಯು ಬ್ರೌಸರಿನಲ್ಲಿ ಎಲ್ಲಿ ಹಿಗ್ಗುತ್ತದೆ, ಎಲ್ಲಿ ಕುಗ್ಗುತ್ತದೆ, ಎಲ್ಲಿ ಕೆಡುತ್ತದೆ ಎಂದು ತಿಳಿಯುವಷ್ಟು ಎಚ್‌ಟಿಎಂಎಲ್ (ಪುಟದ ರಚನೆಯನ್ನು ಬರೆಯುವ ಭಾಷೆ) ಮತ್ತು ಸಿಎಸ್‌ಎಸ್ (ಅದರ ರೂಪವನ್ನು ನಿರ್ಧರಿಸುವ ಭಾಷೆ) ಅವರಿಗೆ ಬರಲೇಬೇಕು. ಕನ್ನಡದಲ್ಲಿ ವಿನ್ಯಾಸ ಮಾಡುವವರಿಗಂತೂ ಇದು ಅನಿವಾರ್ಯವೆಂದೇ ನನ್ನ ಅಭಿಪ್ರಾಯ.

ಕಲಿಕೆಗೆ ಒಂದೇ ಪರದೆಯನ್ನು ಆರಿಸಿಕೊಳ್ಳಿ. ಕೋಲಾರದವರಿಗೆ ಎಪಿಎಂಸಿ ಮಾರುಕಟ್ಟೆಯ ಟೊಮೆಟೊ ಧಾರಣೆಯನ್ನು ರೈತರಿಗೆ ತೋರಿಸುವ ಮೊಬೈಲ್ ಪುಟ ಸೂಕ್ತ: ಊರು, ದಿನಾಂಕ, 15 ಕೆ.ಜಿ. ಬಾಕ್ಸಿನ ಕನಿಷ್ಠ ಮತ್ತು ಗರಿಷ್ಠ ಬೆಲೆ, ಇಷ್ಟು ಸಾಕು. ಬಣ್ಣಗಳಿಗೆ ಕೈಹಾಕುವ ಮೊದಲು ಎಚ್‌ಟಿಎಂಎಲ್ ಅನ್ನು ಕೈಯಾರೆ ಬರೆಯಿರಿ. ಬೆಲೆಪಟ್ಟಿಗೆ ಟೇಬಲ್ ಟ್ಯಾಗನ್ನೇ, ಗುಂಡಿಗೆ ಬಟನ್ ಟ್ಯಾಗನ್ನೇ ಬಳಸಿದರೆ, ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅವುಗಳನ್ನು ಸರಿಯಾಗಿ ಗುರುತಿಸಿ ಓದುತ್ತದೆ. ಅನಂತರ ಪುಟದ ಭಾಗಗಳನ್ನು ಸಾಲಾಗಿ ಜೋಡಿಸುವ ಸಿಎಸ್‌ಎಸ್ ವಿಧಾನವಾದ ಫ್ಲೆಕ್ಸ್‌ಬಾಕ್ಸ್ ಕಲಿಯಿರಿ; ಫಿಗ್ಮಾದಲ್ಲಿ ಅಂಥದೇ ಕೆಲಸ ಮಾಡುವ ಆಟೊ ಲೇಔಟ್ ಬಳಸಿದವರಿಗೆ ಅದು ಬೇಗ ಹಿಡಿತಕ್ಕೆ ಸಿಗುತ್ತದೆ.

ಹೆಚ್ಚು ಸಮಯ ಕೊಡಬೇಕಾದದ್ದು ಅಕ್ಷರಗಳಿಗೆ. ‘ಕೋಲಾರ’ ಎಂಬ ಹೆಸರಿನಲ್ಲಿ ಒತ್ತಕ್ಷರವೇ ಇಲ್ಲವಾದ್ದರಿಂದ ಎತ್ತರ ಬಿಗಿಯಾದ ಗುಂಡಿಯಲ್ಲೂ ಅದು ಸಾಮಾನ್ಯವಾಗಿ ಚೆನ್ನಾಗಿಯೇ ಕಾಣುತ್ತದೆ. ಅದೇ ಜಾಗದಲ್ಲಿ ‘ಚಿಕ್ಕಬಳ್ಳಾಪುರ’ ಎಂದು ಬರೆದು ನೋಡಿ: ಗುಂಡಿಯ ಎತ್ತರವನ್ನು ಬಿಗಿಯಾಗಿ ನಿಗದಿಪಡಿಸಿ, ಹೊರಚಾಚಿದ್ದನ್ನು ಮರೆಮಾಡುವಂತೆ ಬರೆದಿದ್ದರೆ ಕ ಒತ್ತು ಮತ್ತು ಳ ಒತ್ತುಗಳ ಬುಡ ಕತ್ತರಿಸಿಹೋಗಬಹುದು, ಅಗಲ ಸಾಲದಿದ್ದರೆ ಪದವೇ ಗುಂಡಿಯಿಂದ ಹೊರಗೆ ಚಾಚಬಹುದು. ಪುಟದ ಕೋಡನ್ನು ಅಲ್ಲೇ ಬದಲಿಸಿ ನೋಡಲು ಬ್ರೌಸರಿನಲ್ಲೇ ಇರುವ ಡೆವಲಪರ್ ಟೂಲ್ಸ್ ತೆರೆದು, ಪರದೆಯ ಅಗಲವನ್ನು 360 ಪಿಕ್ಸೆಲ್‌ಗೆ ಇಳಿಸಿ, ಲೈನ್-ಹೈಟನ್ನು (ಸಾಲಿನ ಎತ್ತರವನ್ನು) 1.2ರಿಂದ 1.6ಕ್ಕೆ ಏರಿಸುತ್ತ ಹೋದಂತೆ ಸಾಲುಗಳು ಒಂದಕ್ಕೊಂದು ತಾಗದೆ ಬಿಡಿಯಾಗುವುದನ್ನು ಕಣ್ಣಾರೆ ಕಾಣುತ್ತೀರಿ. ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳಿಂದ ಶೀರ್ಷಿಕೆಯನ್ನು ಎತ್ತಿ ತೋರಿಸುವ ಉಪಾಯವೂ ಕನ್ನಡದಲ್ಲಿಲ್ಲ. ಗಾತ್ರ ಮತ್ತು ದಪ್ಪದಿಂದಲೇ ಅದನ್ನು ಸಾಧಿಸಬೇಕು.

ಬಿಸಿಲಿನಲ್ಲಿ ನಿಂತು ಓದುವವರನ್ನು ನೆನೆದು ಬಣ್ಣಗಳನ್ನು ಪರೀಕ್ಷಿಸಿ. ಸಾಮಾನ್ಯ ಗಾತ್ರದ ಪಠ್ಯಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕೆಂದು, ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಲು ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಎಎ ಮಟ್ಟ ಹೇಳುತ್ತದೆ. ಪಠ್ಯವನ್ನು 200% ಹಿಗ್ಗಿಸಿದರೂ ಬೆಲೆ ಮರೆಯಾಗಬಾರದು.

ಬ್ರೌಸರಿನಲ್ಲಿ ಓಡುವ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್ ಸ್ವಲ್ಪ ಸಾಕು: ಒಂದು ಜೇಸನ್ ಕಡತದಿಂದ (ಮಾಹಿತಿಯನ್ನು ಸರಳ ಪಠ್ಯವಾಗಿ ಇಡುವ ಕಡತ) ಬೆಲೆಗಳನ್ನು ಓದಿ ತೋರಿಸುವಷ್ಟು. ಇಂದಿನ ಹರಾಜು ಇನ್ನೂ ಆಗಿಲ್ಲದಿದ್ದರೆ, ನೆಟ್‌ವರ್ಕ್ ನಿಧಾನವಾದರೆ, ಮಾಹಿತಿ ಬಾರದೇ ಹೋದರೆ ಪರದೆಯಲ್ಲಿ ಏನಿರಬೇಕು ಎಂಬ ಪ್ರಶ್ನೆಗಳು ಆಗ ತಾವಾಗಿಯೇ ಏಳುತ್ತವೆ, ಮತ್ತು ಅವು ವಿನ್ಯಾಸಕರೇ ಉತ್ತರಿಸಬೇಕಾದ ಪ್ರಶ್ನೆಗಳು. ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ, ಡೇಟಾಬೇಸ್, ಸರ್ವರ್‌ಗಳನ್ನು ಸದ್ಯಕ್ಕೆ ಬಿಡಿ.

ಡೆವಲಪರ್‌ಗೆ ವಿನ್ಯಾಸ ಒಪ್ಪಿಸುವಾಗ ‘ಸ್ವಲ್ಪ ಜಾಗ ಬಿಡಿ’ ಎನ್ನದೆ, ‘ಲೈನ್-ಹೈಟ್ 1.6 ಇರಲಿ, ಗುಂಡಿಗೆ ಹೈಟ್ (ನಿಗದಿತ ಎತ್ತರ) ಬದಲು ಮಿನ್-ಹೈಟ್ (ಕನಿಷ್ಠ ಎತ್ತರ) ಬಳಸಿ, ಚಿಕ್ಕಬಳ್ಳಾಪುರ ಎಂದು ಬರೆದು ಪರೀಕ್ಷಿಸಿ’ ಎಂದು ಟಿಪ್ಪಣಿ ಬರೆಯಿರಿ.